ಐದನೆಯ ದಿನದ ಗುಳಿಗೆ

ನಾನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದರು. ಹೆಸರೇನು ಅಂದರೂ ಅತ್ತೆ, ಊಟ ಸೇರುತ್ತದೆಯೇ ಅಂದರೂ ಅತ್ತೆ. ಸೊಸೆ ಪಕ್ಕದ ಸ್ಟೂಲಿನ ಮೇಲೆ ಸೆರಗನ್ನು ಗಲ್ಲದ ತನಕ ಎಳೆದುಕೊಂಡು ಕೂತಿದ್ದಳು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಜಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗ ಅಂದರೆ ನಾನು, ಒಬ್ಬ ನರ್ಸ್ ಮತ್ತು ಒಂದು ಹಸಿರು ಪರದೆ, ಅಷ್ಟೇ. ಸಂತೆಯ ದಿನವಾದರೆ ಪರದೆಯ ಆಚೆ ಇಡೀ ತಾಲೂಕೇ ಬಂದು ಕೂತಂತಿರುತ್ತಿತ್ತು.

"ಮದ್ವೆಯಾಗಿ ಆರು ವರ್ಷ ಆತು ಡಾಕ್ಟ್ರಮ್ಮಾರೆ. ಹೊಟ್ಟೆ ತುಂಬಲಿಲ್ಲ," ಅಂದರು ಅತ್ತೆ. "ನನಗಿರೋದು ಒಬ್ಬನೇ ಮಗ. ಹೊನ್ನಾಳಿ ಕಡೆ ನನ್ ತಮ್ಮನ ಮಗಳು ಒಬ್ಳು ಅದಾಳೆ. ಯುಗಾದಿ ತನಕ ನೋಡ್ತೀವಿ, ಆಮ್ಯಾಲೆ ಆಕಿನ್ನ ತಂದ್ಕಂತೀವಿ. ಇವಳ ಎದುರಿಗೇ ಹೇಳ್ತೀನಿ, ಮುಚ್ಚುಮರೆ ಏನಿಲ್ಲ."

ನ್ಯಾಮತಿಯಿಂದ ಆ ಮನೆಗೆ ಬಂದ ಸೊಸೆ ತಲೆ ಎತ್ತಲಿಲ್ಲ. ನನಗೆ ಮೈ ಉರಿಯಿತು. ಆದರೆ ಅಂಥ ಮಾತಿಗೆಲ್ಲ ಜಗಳ ಹಿಡಿದರೆ ಸಂಜೆಯ ತನಕ ಒಬ್ಬ ರೋಗಿಯನ್ನೂ ನೋಡಲು ಆಗುವುದಿಲ್ಲ ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆ. ಅವಳನ್ನು ಪರದೆಯ ಹಿಂದೆ ಕರೆದೆ.

ಸೆರಗು ಸರಿಸಿದ ಮೇಲೆ ಕಾರಣ ಕಂಡಿತು. ಗಲ್ಲದ ಮೇಲೆ ಗಂಡಸರಿಗೆ ಮೂಡುವಂಥ ಕೂದಲು, ಕೆನ್ನೆ ತುಂಬ ಮೊಡವೆಯ ಕಲೆ, ಕತ್ತಿನ ಹಿಂದೆ ಕಪ್ಪು. ಒಳಪರೀಕ್ಷೆಯಲ್ಲಿ ಎರಡೂ ಕಡೆಯ ಅಂಡಾಶಯಗಳು ದಪ್ಪಗೆ ಕೈಗೆ ಸಿಕ್ಕವು. ಅಂಡಾಶಯದ ತುಂಬ ಸಣ್ಣ ಸಣ್ಣ ನೀರುಗುಳ್ಳೆ ಕಟ್ಟಿಕೊಂಡು, ಅಂಡ ಬಿಡುಗಡೆಯೇ ಆಗದ ಕಾಯಿಲೆ ಅದು. ಈಗ ಕಾಲೇಜು ಹುಡುಗಿಯರ ಬಾಯಲ್ಲೂ ಅದರ ಹೆಸರಿದೆ. ಆಗ ನಮ್ಮ ಪುಸ್ತಕದಲ್ಲಿ ಅದಕ್ಕೆ ಯಾರೋ ಇಬ್ಬರು ವೈದ್ಯರ ಹೆಸರಿಟ್ಟು ಒಂದು ಪುಟದಲ್ಲಿ ಮುಗಿಸಿದ್ದರು. ಈ ಕಾಯಿಲೆಯವರಿಗೆ ಮುಟ್ಟು ತಿಂಗಳುಗಟ್ಟಲೆ ಬರುವುದಿಲ್ಲ ಅಂತ ಆ ಪುಟದ ಮೊದಲ ಸಾಲಿನಲ್ಲೇ ಇತ್ತು.

"ಸರಿಯಾಗಿ ಮುಟ್ಟಾಗ್ತೀಯಾ?" ಅಂತ ಕೇಳಿದೆ. ಪರದೆಯ ಆಚೆಯಿಂದ ಅತ್ತೆ ಕೂಗಿ ಹೇಳಿದರು, "ತಿಂಗಳು ತಿಂಗಳು ಹೊರಗೆ ಕೂರ್ತಾಳೆ ಕಣ್ರೀ. ಒಂದಿನ ಹಿಂದೆ ಮುಂದೆ ಇಲ್ಲ." ಸೊಸೆ ಹೌದು ಎಂಬಂತೆ ಕತ್ತು ಆಡಿಸಿದಳು.

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು ಚನ್ನಗಿರಿ ತಾಲೂಕಿನ ನಲ್ಲೂರಿನಲ್ಲಿ, ಶಿವಭಕ್ತರ ಮನೆಯಲ್ಲಿ. ಕೊರಳಲ್ಲಿ ಲಿಂಗ ಇದ್ದವರಿಗೆ ಮುಟ್ಟಿನ ಮೈಲಿಗೆ ಇಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಮ್ಮಲ್ಲಿ ಯಾರೂ ಹೊರಗೆ ಕೂತವರಲ್ಲ. ಆ ದಿನಗಳಲ್ಲೂ ಅಡುಗೆ ಮಾಡುತ್ತಿದ್ದೆವು, ಪೂಜೆ ಮಾಡುತ್ತಿದ್ದೆವು, ಯಾರಿಗೆ ಯಾವಾಗ ಅಂತ ಯಾರೂ ಕೇಳುತ್ತಿರಲಿಲ್ಲ. ಈ ಸೊಸೆಯ ಮನೆಯ ಪದ್ಧತಿ ಬೇರೆ. ಹಿತ್ತಿಲಲ್ಲಿ ಹುಲ್ಲು ಹೊದಿಸಿದ ಒಂದು ಗುಡ್ಲು, ಮೂರು ದಿನ ಅದರಲ್ಲಿ ವಾಸ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು. ನನ್ನ ಕಿವಿಗೆ 'ಹೊರಗೆ ಕೂತಳು' ಅನ್ನುವುದು 'ಮುಟ್ಟಾದಳು' ಅನ್ನುವುದಕ್ಕೆ ಇನ್ನೊಂದು ಮಾತು, ಅಷ್ಟೇ. ಅವೆರಡೂ ಬೇರೆ ಬೇರೆ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ದಾವಣಗೆರೆಯಲ್ಲಿ ನನಗೆ ಪಾಠ ಹೇಳಿದ್ದ ಹಿರಿಯ ವೈದ್ಯೆಯ ಬಳಿ ಅವಳನ್ನು ಕಳಿಸಿದೆ. ಅವರು ಗರ್ಭಕೋಶದ ಒಳಪದರವನ್ನು ಚೂರು ಕೆರೆದು ಪರೀಕ್ಷೆ ಮಾಡಿಸಿದರು. ಅಂಡ ಬಿಡುಗಡೆ ಆಗುತ್ತಿಲ್ಲ ಅಂತ ಖಚಿತವಾಯಿತು. ಅಂಡ ಬಿಡದೆಯೂ ಕೆಲವರಿಗೆ ತಿಂಗಳು ತಿಂಗಳು ರಕ್ತ ಹೋಗುವುದುಂಟು, ಇವಳು ಅಂಥವಳಿರಬೇಕು ಅಂದರು. ಆಗ ಇದ್ದ ದಾರಿ ಎರಡೇ. ಹೊಟ್ಟೆ ಕೊಯ್ದು ಅಂಡಾಶಯದಿಂದ ಒಂದು ಹೋಳು ತೆಗೆಯುವುದು, ಇಲ್ಲವಾದರೆ ಅಂಡ ಬಿಡಿಸುವ ಹೊಸ ಗುಳಿಗೆ. ಗುಳಿಗೆ ನಮ್ಮ ಕಡೆ ಸಿಗುತ್ತಿರಲಿಲ್ಲ. ಬೆಂಗಳೂರಿನಿಂದ ತರಿಸಿದೆ.

ಮಾಗಿಯ ಚಳಿಯಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದೆ. ಹೊರಗಾದ ಐದನೆಯ ದಿನದಿಂದ ಐದು ದಿನ, ದಿನಕ್ಕೊಂದು ಗುಳಿಗೆ. ಮುಟ್ಟು ತಪ್ಪಿದರೆ ಮಾತ್ರ ಮುಂದಿನ ತಿಂಗಳು ಗುಳಿಗೆ ನುಂಗಬಾರದು, ನೇರ ನನ್ನ ಹತ್ತಿರ ಬರಬೇಕು. ಬಸುರಿಯಾದ ಮೇಲೆ ನುಂಗಿದರೆ ಕೂಸಿಗೆ ಅಪಾಯ ಇರಬಹುದು. ಇದನ್ನು ಇಬ್ಬರಿಂದಲೂ ಬಾಯಿಬಿಡಿಸಿ ಹೇಳಿಸಿದೆ. ಅತ್ತೆ ಗುಳಿಗೆಯ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನನ್ ಕೈಯಾಗೇ ಇರ್ಲಿ. ದೇವ್ರ ಗೂಡಿನಾಗೆ ಇಡ್ತೀನಿ. ತಲೆಗೆ ಹಾಕ್ಕಂಡು ಒಳಗೆ ಬಂದ ಮಾರನೇ ದಿನದಿಂದ ನಾನೇ ನುಂಗಿಸ್ತೀನಿ. ಇವಳಿಗೆ ಮರೆವು ಜಾಸ್ತಿ."

ಇಂಥ ಅತ್ತೆ ಎಲ್ಲರಿಗೂ ಇದ್ದಿದ್ದರೆ ನನ್ನ ಅರ್ಧ ಕೆಲಸ ಹಗುರವಾಗುತ್ತಿತ್ತು ಅಂದುಕೊಂಡೆ.

ಮುಂದಿನ ತಿಂಗಳು ಅತ್ತೆಯೊಬ್ಬರೇ ಬಂದರು. ಸೊಸೆ ಮತ್ತೆ ಹೊರಗೆ ಕೂತಿದ್ದಾಳೆ ಅಂದರು. ಗುಳಿಗೆ ನಾಟಿಲ್ಲ, ಇನ್ನೊಂದು ಸರದಿ ಇಷ್ಟೇ ಕೊಡಿ ಅಂದೆ. ಅದರ ಮುಂದಿನ ತಿಂಗಳೂ ಅದೇ ಸುದ್ದಿ. ಪುಸ್ತಕದಲ್ಲಿದ್ದಂತೆ ಪ್ರಮಾಣ ಏರಿಸಿದೆ. ದಿನಕ್ಕೆ ಎರಡು.

ಯುಗಾದಿ ಹತ್ತಿರವಾಗಿತ್ತು. ಒಂದು ಸಂತೆಯ ದಿನ ಇಬ್ಬರೂ ಬಂದರು. ಸೊಸೆ ಸೊರಗಿದ್ದಳು. "ಗುಳಿಗೆ ಉಷ್ಣ ಆಗೇತೆ ಡಾಕ್ಟ್ರಮ್ಮಾರೆ," ಅಂದರು ಅತ್ತೆ. "ಉಂಡಿದ್ದೆಲ್ಲ ಕಕ್ಕಂತಾಳೆ. ಬಲಗಡಿ ಕಿಬ್ಬೊಟ್ಟಿ ನೋವು ಅಂತಾಳೆ."

"ಹೊರಗೆ ಕೂತದ್ದು?"

"ಆಗ್ಲೇ ಕೂತು ಎದ್ದು ಗುಳಿಗೇನೂ ಮುಗಿಸ್ಯಾಳೆ. ದಿನಕ್ಕೆ ಎಲ್ಡು ನೀವು ಹೇಳಿದಂಗೆ."

ಪರದೆಯ ಹಿಂದೆ ಅವಳನ್ನು ಮಲಗಿಸಿ ಕೈಯಿಟ್ಟೆ. ಬಲಗಡೆಯ ಅಂಡಾಶಯ ಊದಿಕೊಂಡಿತ್ತು, ಮುಟ್ಟಿದರೆ ಅವಳು ಮುಲುಗುತ್ತಿದ್ದಳು. ಅದಕ್ಕೆ ನಾನು ಸಿದ್ಧಳಾಗಿದ್ದೆ, ಆ ಗುಳಿಗೆಯಿಂದ ಹಾಗಾಗುವುದುಂಟು. ಆದರೆ ನಡುವೆ, ನಿಂಬೆಹಣ್ಣಿನಷ್ಟು ಗಟ್ಟಿಯಾಗಿ ಸಿಗಬೇಕಿದ್ದ ಗರ್ಭಕೋಶ ದೊಡ್ಡ ಮೂಸಂಬಿಯಷ್ಟು ಮೆತ್ತಗೆ ಮೇಲೆದ್ದಿತ್ತು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಇನ್ನೊಮ್ಮೆ ನೋಡಿದೆ. ನರ್ಸನ್ನು ಕರೆದು ಉಚ್ಚೆ ಮಾಡಿಸಿ, ಮೂತ್ರಕೋಶ ಖಾಲಿಯಾದ ಮೇಲೆ ಮತ್ತೊಮ್ಮೆ ನೋಡಿದೆ. ಎರಡೂವರೆ ತಿಂಗಳಿಗೆ ಕಡಿಮೆಯಿಲ್ಲದ ಬಸುರು. ಮೊದಲನೆಯ ಸರದಿಯಲ್ಲೇ ಬಸಿರಾಗಿದ್ದಾಳೆ. ಅದರ ಮೇಲೆ ಎರಡು ಸರದಿ ಗುಳಿಗೆ, ಎರಡನೆಯದು ದುಪ್ಪಟ್ಟು.

"ಹೋದ ತಿಂಗಳು ನಿಜವಾಗಿ ಮುಟ್ಟಾಗಿದ್ಯಾ?" ಅಂತ ಕಿವಿಯ ಹತ್ತಿರ ಬಗ್ಗಿ ಕೇಳಿದೆ.

ಅವಳು ಪರದೆಯ ಕಡೆ ನೋಡಿದಳು. ನರ್ಸಿಗೆ ಕಣ್ಣಲ್ಲೇ ಹೇಳಿದೆ. ಅವರು ಅತ್ತೆಯನ್ನು ಔಷಧಿ ಕೊಡುವ ಕಿಟಕಿಯ ಕಡೆ ಕರೆದುಕೊಂಡು ಹೋದರು.

"ಇಲ್ರೀ," ಅಂದಳು. "ನಾನು ಮೈನೆರೆದಾಗಿಂದ ವರ್ಷಕ್ಕೆ ಎಲ್ಡೋ ಮೂರೋ ಸತಿ ಅಷ್ಟೇ."

"ಮತ್ತೆ ತಿಂಗಳು ತಿಂಗಳು ಹೊರಗೆ ಕೂತದ್ದು?"

"ಸುಳ್ಳೇ ಕೂರ್ತಿದ್ದೆ ರೀ."

ಅವಳು ಹೇಳಿದ್ದನ್ನು ನಾನು ನಿಂತೇ ಕೇಳಿದೆ. ಮದುವೆಯಾದ ಹೊಸದರಲ್ಲಿ ಮೂರು ತಿಂಗಳು ಹೊರಗೆ ಕೂರಲಿಲ್ಲ. ಮನೆಯವರೆಲ್ಲ ಬಸುರಿ ಅಂದರು. ಹುಣಸೆಕಾಯಿ ತಂದರು, ತವರಿಗೆ ಹೇಳಿ ಕಳಿಸಿದರು. ನಾಲ್ಕನೆಯ ತಿಂಗಳು ಮುಟ್ಟಾಯಿತು. ಹೊಟ್ಟೆ ಇಳಿದು ಹೋಯಿತು ಅಂತ ಅತ್ತೆ ಅತ್ತರು. ಮರುವರ್ಷ ಮತ್ತೆ ಹಾಗೇ ಆದಾಗ ಬೀದಿಯ ಹೆಂಗಸರು ಇವಳೇ ಏನೋ ನುಂಗಿ ತೆಗೆಸಿಕೊಂಡಳು ಅಂದರು. ಆ ಮನೆಯಲ್ಲಿ ಹೊರಗೆ ಕೂರದ ಸೊಸೆ ಬಸುರಿ, ಹೊರಗೆ ಕೂತ ಸೊಸೆ ಬಸುರಿ ಅಲ್ಲ. ಮೂರನೆಯದು ಅಂತ ಒಂದು ಇರಲಿಲ್ಲ.

"ಅದಕ್ಕೇ ಅಮಾಸೆ ಕಳೆದ ಮ್ಯಾಲೆ ಕೂತ್ಬಿಡ್ತಿದ್ದೆ ರೀ. ತಪ್ಪಿಸಿಲ್ಲ." ಮತ್ತೆ ಸೇರಿಸಿದಳು, "ಆ ಮೂರು ದಿನ ಯಾರೂ ಏನೂ ಕೆಲಸ ಹೇಳಂಗಿಲ್ಲ, ಏನೂ ಕೇಳಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಗುಳಿಗೆ ಯಾಕೆ ನುಂಗಿದೆ ಮಾರಾಯ್ತಿ? ಮುಟ್ಟಾಗದಿದ್ದರೆ ನುಂಗಬಾರದು ಅಂತ ನಿನ್ನ ಬಾಯಿಂದಲೇ ಹೇಳಿಸಿದ್ದೆ."

"ಅತ್ತಿ ಅಂಗೈಯಾಗೆ ಹಾಕ್ತಾರೆ. ನುಂಗೋ ತನಕ ನಿಂತಿರ್ತಾರೆ. ಬ್ಯಾಡ ಅಂದ್ರೆ ಯಾಕೆ ಅಂತ ಹೇಳ್ಬೇಕಲ್ರೀ?"

ನೀನು ಬಸುರಿ ಅಂತ ಹೇಳಿದೆ. ಅವಳು ನಗಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಸಂತೋಷದ ಸುದ್ದಿಯನ್ನು ಯಾರೂ ಹಾಗೆ ಬೆದರಿದ ಮುಖದಲ್ಲಿ ಹೇಳುವುದಿಲ್ಲ ಅಂತ ಅವಳಿಗೂ ಗೊತ್ತಾಗಿರಬೇಕು. ಅತ್ತೆಗೆ ಸದ್ಯ ಏನೂ ಹೇಳಬೇಡ ಅಂದೆ. ಪರೀಕ್ಷೆ ಮಾಡಿಸಬೇಕು, ಮುಂದಿನ ಸಂತೆಗೆ ಬನ್ನಿ, ಅಲ್ಲಿಯವರೆಗೆ ಗುಳಿಗೆ ಬಂದ್ ಅಂತ ಅತ್ತೆಗೆ ಹೇಳಿ ಕಳಿಸಿದೆ.

ಉಚ್ಚೆಯ ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ನಾನೇ ದಾವಣಗೆರೆ ಬಸ್ಸು ಹತ್ತಿದೆ. ಪರೀಕ್ಷೆಯಲ್ಲೂ ಬಸುರು ಅಂತಲೇ ಬಂತು. ಹಿರಿಯ ವೈದ್ಯೆ ನನ್ನ ಮಾತನ್ನು ಪೂರ್ತಿ ಕೇಳಿದರು.

"ಗರ್ಭ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಈ ಗುಳಿಗೆ ಕೊಡಬೇಕು."

"ಖಾತ್ರಿ ಇತ್ತು ಮೇಡಂ. ಪ್ರತಿ ತಿಂಗಳೂ ಹೊರಗೆ ಕೂತಿದ್ದಾಳೆ."

"ಕೂತದ್ದನ್ನು ಊರೆಲ್ಲ ನೋಡಿದೆ. ರಕ್ತವನ್ನು ನೋಡಿದವರು ಯಾರು?"

ಮೇಡಂ ಅದನ್ನು ಬೆಳೆಸಲಿಲ್ಲ, ಕೆರೆದು ಪರೀಕ್ಷೆ ಮಾಡಿಸಿದ ದಿನ ಅವರೂ ಕೇಳಿರಲಿಲ್ಲ. ಕೂಸಿನ ಕೈ, ಕಾಲು, ಹೃದಯ ಮೂಡುವ ವಾರಗಳಲ್ಲೇ ಗುಳಿಗೆ ಒಳಗೆ ಹೋಗಿದೆ. ಏನಾಗುತ್ತದೆ, ಏನೂ ಆಗುವುದಿಲ್ಲ, ಎರಡನ್ನೂ ಹೇಳುವಷ್ಟು ಅನುಭವ ಆಗ ಯಾರಿಗೂ ಇರಲಿಲ್ಲ. ಬಸುರಿನ ವಾಂತಿಗೆಂದು ಕೊಟ್ಟ ಬೇರೊಂದು ಗುಳಿಗೆಯಿಂದ ಹೊರದೇಶಗಳಲ್ಲಿ ಕೈಕಾಲು ಮೊಟಕಾಗಿ ಹುಟ್ಟಿದ ಮಕ್ಕಳ ಚಿತ್ರಗಳನ್ನು ಇದೇ ಮೇಡಂ ನಮಗೆ ತರಗತಿಯಲ್ಲಿ ತೋರಿಸಿದ್ದರು. ಇಬ್ಬರ ಮನಸ್ಸಿನಲ್ಲೂ ಅದೇ ಇತ್ತು.

"ತೆಗೆಸಿಬಿಡುವುದು ಒಳ್ಳೆಯದು," ಅಂದರು. "ಈಗ ಕಾನೂನು ಒಪ್ಪುತ್ತದೆ. ವಯಸ್ಸಿದೆ, ಒಂದು ಸಲ ಗುಳಿಗೆಗೆ ಒಲಿದ ಅಂಡಾಶಯ ಇನ್ನೊಂದು ಸಲವೂ ಒಲಿಯುತ್ತದೆ. ಉಳಿಸಿಕೊಳ್ಳುತ್ತೇನೆ ಅಂದರೆ ಇಂಥವರಿಗೆ ಬಸುರು ನಿಲ್ಲುವುದೇ ಕಷ್ಟ. ವಾರಕ್ಕೊಂದು ಪ್ರೊಜೆಸ್ಟೆರಾನ್ ಹಾರ್ಮೋನಿನ ಇಂಜೆಕ್ಷನ್ ಕೊಡಬೇಕಾಗುತ್ತದೆ. ಬಸುರಿಯರಿಗೆ ಹಾರ್ಮೋನ್ ಕೊಡುವುದರ ಬಗ್ಗೆಯೇ ಈಗೀಗ ಅನುಮಾನದ ಮಾತು ಬರುತ್ತಿದೆ. ಯೋಚನೆ ಮಾಡು."

ಬಸ್ಸಿನಲ್ಲಿ ವಾಪಸು ಬರುವಾಗ ಯೋಚನೆ ಮಾಡಿದೆ. ತೆಗೆಸಿದರೆ ಯುಗಾದಿ ಬರುತ್ತದೆ, ಹೊನ್ನಾಳಿಯ ಹುಡುಗಿಯೂ ಬರುತ್ತಾಳೆ. ಉಳಿಸಿದರೆ ಇನ್ನೊಂದು ತೊಡಕಿತ್ತು, ಅದು ದಾವಣಗೆರೆಯ ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ನನಗೆ ಹೊಳೆಯಿತು. ಮನೆಯವರು ದಿನ ಎಣಿಸುವುದು ಕೊನೆಯ ಸಲ ಹೊರಗೆ ಕೂತದ್ದರಿಂದ. ಅವರ ಲೆಕ್ಕದಲ್ಲಿ ಏಳು ತಿಂಗಳು ತುಂಬುವ ಹೊತ್ತಿಗೆ ಇವಳು ಮೈಕೈ ತುಂಬಿದ ಮಗುವನ್ನು ಹೆರುತ್ತಾಳೆ. ಆಗ ಆ ಬೀದಿಯ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಬಸುರಿನಲ್ಲೂ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ರಕ್ತ ಕಾಣಿಸುತ್ತದೆ, ಇವಳಿಗೂ ಹಾಗೇ ಆಗಿದೆ ಅಂತ ಹೇಳಿಬಿಡೋಣ ಅಂತ ತೀರ್ಮಾನ ಮಾಡಿದೆ. ವೈದ್ಯಕೀಯವಾಗಿ ನಂಬುವಂಥ ಸುಳ್ಳು. ಜಗಳೂರು ಬರುವಷ್ಟರಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಮುಂದಿನ ಸಂತೆಗೆ ಮೊದಲು ಸೊಸೆಯೊಬ್ಬಳನ್ನೇ ಒಳಗೆ ಕರೆದು ಎಲ್ಲವನ್ನೂ ಹೇಳಿದೆ. ಕೂಸಿಗೆ ಊನ ಆಗಿರಬಹುದು, ಆಗದೆಯೂ ಇರಬಹುದು, ನನಗೆ ಗೊತ್ತಿಲ್ಲ. ತೆಗೆಸುವುದಾದರೆ ಈ ವಾರವೇ, ಉಳಿಸುವುದಾದರೆ ವಾರಕ್ಕೊಂದು ಇಂಜೆಕ್ಷನ್. ನಿರ್ಧಾರ ನಿನ್ನದು.

"ತೆಗೆಸಿದ್ರೆ ಮತ್ತೆ ಹೊರಗೆ ಕೂರ್ಬೇಕಲ್ರೀ," ಅಂದಳು. "ಹೆಂಗಾದ್ರೂ ಇರ್ಲಿ ಬಿಡ್ರೀ. ಇದು ನಿಜವಾಗ್ಲೂ ಐತಲ್ಲ, ಸಾಕು."

ಅತ್ತೆಯನ್ನು ಕರೆದೆ. ಬಸುರಿ ಅಂದೆ. ಅವರ ಮುಖ ಅರಳಿ, ತಕ್ಷಣ ಗೊಂದಲಕ್ಕೆ ಬಿತ್ತು. "ಹೋದ ತಿಂಗ್ಳು ಹೊರಗೆ ಕೂತಿದ್ಲಲ್ಲ?" ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸೊಸೆ ಹೇಳಿಬಿಟ್ಟಳು.

"ನಾನು ಸುಳ್ಳೇ ಕೂತಿದ್ದೆ ಅತ್ತಿ. ನಾಕೈದು ವರ್ಷದಿಂದ ಸುಳ್ಳೇ."

ಮೊದಲಿಂದ ಇಂಜೆಕ್ಷನ್ ಮಾತಿನ ತನಕ, ತಲೆ ಎತ್ತಿಕೊಂಡೇ ಹೇಳಿದಳು. ಗಲ್ಲದ ಸೆರಗು ಜಾರಿದ್ದರ ಕಡೆಗೂ ಅವಳ ಗಮನ ಇರಲಿಲ್ಲ. ಅವಳ ಅಷ್ಟು ಉದ್ದದ ಮಾತನ್ನು ಅತ್ತೆ ಅಡ್ಡ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲಿರಬೇಕು. ಕೇಳಿ ಮುಗಿದ ಮೇಲೆ ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಆಸ್ಪತ್ರೆಯ ಬೇವಿನ ಮರದ ಕೆಳಗೆ, ಸಂತೆಗೆ ತಂದ ಕುರಿಗಳ ನಡುವೆ ಸುಮ್ಮನೆ ನಿಂತಿದ್ದರು. ಹೊನ್ನಾಳಿಗೆ ಇವತ್ತೇ ಹೇಳಿ ಕಳಿಸುತ್ತಾರೆ, ಮುಗಿಯಿತು ಅಂದುಕೊಂಡೆ.

ವಾಪಸು ಬಂದು ನನ್ನ ಮೇಜಿನ ಮುಂದೆ ನಿಂತರು. ಸೊಸೆಯ ಕಡೆ ನೋಡಲಿಲ್ಲ.

"ಗುಳಿಗೆ ನುಂಗ್ಸಿದ್ದು ನಾನೇ ಅಲ್ರೀ?" ಅಂದರು. "ಈ ಕೈಯಾಗೇ ಹಾಕಿದ್ದಲ್ರೀ, ದೇವ್ರ ಮುಂದೆ ನಿಂತು?"

ಬರೆದುಕೊಟ್ಟವಳು ನಾನು ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಇಂಜೆಕ್ಷನ್ ಯಾವತ್ತಿಂದ ಅಂತ ಕೇಳಿದರು.

ಅವತ್ತೇ ಶುರು ಮಾಡಿದೆ. ಎಣ್ಣೆಯಂಥ ಮಂದ ಔಷಧಿ ಅದು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಕುದಿಸಿದ ಗಾಜಿನ ಸಿರಿಂಜಿಗೆ ದಪ್ಪ ಸೂಜಿ ಹಾಕಿ, ನಿಧಾನವಾಗಿ ಏರಿಸಬೇಕು. ಕೊಡಬೇಕೋ ಬೇಡವೋ ಅಂತ ಪ್ರತಿ ವಾರವೂ ಸಿರಿಂಜು ಹಿಡಿದಾಗ ಮನಸ್ಸು ಹೊಯ್ದಾಡುತ್ತಿತ್ತು. ಇಂದಿನ ವೈದ್ಯರು ಬಹುಶಃ ಕೊಡಲಾರರು. ಅಂದು ನನ್ನ ಕೈಯಲ್ಲಿದ್ದದ್ದು ಅದೊಂದೇ. ಯುಗಾದಿ ಬಂತು, ಹೋಯಿತು. ಹೊನ್ನಾಳಿಯ ಮಾತನ್ನು ಯಾರೂ ಎತ್ತಲಿಲ್ಲ. ಬಲಗಡೆಯ ಊತ ಮೆಲ್ಲಗೆ ಇಳಿಯಿತು.

ಬೇಸಿಗೆ ಏರಿದ ಮೇಲೆ ಒಂದು ಬೆಳಿಗ್ಗೆ ಅವಳ ಗಂಡ ಸೈಕಲ್ ತುಳಿದುಕೊಂಡು ಬಂದ. ಒಂದೇ ಉಸಿರಿಗೆ, "ರಕ್ತ ಕಂಡೈತಂತೆ ರೀ, ಅವ್ವ ಕರಕಂಡು ಬಾ ಅಂದ್ಲು," ಅಂದ. ಆಸ್ಪತ್ರೆಯ ಜೀಪು ಕೆಟ್ಟು ನಿಂತಿತ್ತು. ಚೀಲ ಹಿಡಿದು ಸಿಕ್ಕ ಬಸ್ಸು ಹತ್ತಿದೆ. ಸುಳ್ಳು ಹೇಳಿಕೊಂಡು ಕೂತವಳಿಗೆ ಈಗ ನಿಜವಾಗಿ ರಕ್ತ ಕಂಡಿದೆಯಲ್ಲ ಅಂತ ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ.

ಮನೆಯಲ್ಲಿ ಅವಳು ಕಾಣಲಿಲ್ಲ. ಅತ್ತೆ ಹಿತ್ತಿಲ ಕಡೆ ಕೈ ತೋರಿಸಿದರು. ಆ ಗುಡ್ಲು. ನಾನು ಸಿಡಿದೆ. ಬಸುರಿಗೆ ರಕ್ತ ಕಂಡರೂ ನಿಮಗೆ ಮೈಲಿಗೆಯದೇ ಚಿಂತೆಯಾ ಅಂತ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ಮೈಲಿಗಿಗಲ್ಲ ಡಾಕ್ಟ್ರಮ್ಮಾರೆ," ಅಂದರು ಅತ್ತೆ. "ಏಳಬಾರದು, ಬಗ್ಗಬಾರದು ಅಂತ ನೀವೇ ಅಂದಿದ್ರಿ. ಒಳಗೆ ಮಲಗಿಸಿದ್ರೆ ಇವಳ ನಾದ್ನಿ ಬರ್ತಾಳೆ, ನೀರು ಕೊಡು ಅಂತಾಳೆ. ಮಾವ ಬರ್ತಾರೆ, ಎದ್ದು ನಿಂತ್ಕಬೇಕು. ಕುರಿ ಕಾಯೋರಿಗೆ ಬುತ್ತಿ ಕಟ್ಟಬೇಕು. ನಾನು ಬ್ಯಾಡ ಅಂದ್ರೂ ಇವಳು ಏಳ್ತಾಳೆ. ಇಲ್ಲಿದ್ರೆ ಒಬ್ರೂ ಹತ್ರ ಬರಂಗಿಲ್ಲ, ಕೆಲಸ ಹೇಳಂಗಿಲ್ಲ."

ಬಗ್ಗಿ ಒಳಗೆ ಹೋದೆ. ಗುಡ್ಲು ತಂಪಾಗಿತ್ತು. ಹೊಸ ಚಾಪೆ, ಅದರ ಮೇಲೆ ಎರಡು ಮಡಿಕೆ ಕಂಬಳಿ, ಕಾಲ ಕೆಳಗೆ ಎತ್ತರಕ್ಕೆ ಇಟ್ಟಿಗೆ ಕೊಟ್ಟಿದ್ದರು. ರಕ್ತ ಹೆಚ್ಚಿರಲಿಲ್ಲ, ಗರ್ಭಕೋಶದ ಬಾಯಿ ತೆರೆದಿರಲಿಲ್ಲ, ಗರ್ಭ ಬೆಳೆದೇ ಇತ್ತು. ಇಂಜೆಕ್ಷನ್ ಕೊಟ್ಟೆ. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ದೂರ ನಿಲ್ಲಬೇಕಾದ ಅತ್ತೆ ಒಳಗೇ ಬಂದು ಸೊಸೆಯ ತಲೆಯ ಹತ್ತಿರ ಕೂತಿದ್ದರು.

"ಮುಟ್ಟಿಸಿಕೊಂಡಿರಲ್ಲ," ಅಂದೆ.

"ಆಗ್ಲಿ ಬಿಡ್ರೀ. ನನಗೆ ಮುಟ್ಟು ನಿಂತು ಯಾವ ಕಾಲ ಆತು. ಆದ್ರೂ ಇವಳ ಮದ್ವಿ ಆಗೋ ತನಕ ನಾನೂ ತಿಂಗ್ಳಿಗೊಮ್ಮೆ ಬಂದು ಇಲ್ಲಿ ಕೂತ್ಕಂತಿದ್ದೆ. ಮೂರು ದಿನ ಮೈ ಚಾಚಾಕೆ ಇನ್ನೆಲ್ಲಿ ಐತ್ರೀ ಜಾಗ?"

ಸೊಸೆ ಕಣ್ಣು ಅಗಲಿಸಿಕೊಂಡು ಅತ್ತೆಯನ್ನು ನೋಡಿದಳು. ನಾನೂ ನೋಡಿದೆ, ಕೈಯಲ್ಲಿ ಖಾಲಿ ಸಿರಿಂಜು ಹಿಡಿದುಕೊಂಡು. ಅತ್ತೆ ಇಬ್ಬರನ್ನೂ ಲೆಕ್ಕಿಸದೆ ಸೊಸೆಯ ಹಣೆಯ ಬೆವರು ಒರೆಸುತ್ತಿದ್ದರು.

ಅವಳು ಆ ಗುಡ್ಲಿನಲ್ಲಿ ಮೂರು ವಾರ ಇದ್ದಳು. ಹರಕೆ ಅಂತ ಅತ್ತೆ ಊರಿಗೆ ಹೇಳಿದರಂತೆ. ರಕ್ತ ನಿಂತಿತು. ಎಷ್ಟು ತಿಂಗಳು ಅಂತ ಕೇಳಿದವರಿಗೆಲ್ಲ ಅತ್ತೆಯೇ ಸರಿಯಾದ ಲೆಕ್ಕ ಹೇಳಿಕೊಂಡು ಬಂದರು. ಮೊದಲು ಹೊರಗೆ ಕೂತಿದ್ದಳಲ್ಲ ಅಂದವರಿಗೆ, ಕೂರು ಅಂತ ಹೇಳಿದ್ದು ನಾನೇ ಅಲ್ವಾ, ನಾನೇ ಲೆಕ್ಕ ತಪ್ಪಿದ್ದೆ ಅಂದರಂತೆ.

ದಸರೆಯ ಆಜುಬಾಜಿನಲ್ಲಿ ಹೆರಿಗೆಗೆ ಬಂದರು. ಅಷ್ಟು ತಿಂಗಳಲ್ಲಿ ನಾನು ಎಷ್ಟು ಹೆರಿಗೆ ಮಾಡಿಸಿದ್ದೆನೋ, ಪ್ರತಿ ಕೂಸಿನ ಕೈಕಾಲನ್ನೂ ಭಯದಿಂದ ನೋಡುವ ಚಟ ಹತ್ತಿತ್ತು. ತಲೆ ಬಂತು, ಹೆಗಲು ಬಂತು, ಹೆಣ್ಣು. ಅತ್ತಿತು. ಹೊಕ್ಕುಳ ಬಳ್ಳಿ ಕತ್ತರಿಸಿ ಬಟ್ಟೆಯ ಮೇಲೆ ಹಾಕಿ ನೋಡಿದೆ. ತುಟಿ, ಅಂಗುಳ, ಬೆನ್ನು. ಬೆರಳು ಒಂದೊಂದಾಗಿ ಬಿಡಿಸಿ ಎಣಿಸಿದೆ. ಸ್ಟೆತಸ್ಕೋಪ್ ಇಟ್ಟು ಎದೆ ಕೇಳಿದೆ. ಎಲ್ಲ ಸರಿ ಇತ್ತು. ನನಗೆ ನಂಬಿಕೆ ಬರಲಿಲ್ಲ.

ಅತ್ತೆಯನ್ನು ಒಳಗೆ ಕರೆದೆ. ಮೊಮ್ಮಗಳನ್ನು ಮುಂದೆ ಹಿಡಿದರೂ ಅವರು ಕೈ ಚಾಚಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

"ಬೆರಳೆಲ್ಲ ಅದಾವೇನ್ರೀ?"

"ಎಣಿಸಿದೀನಿ ಅಮ್ಮ. ಎಲ್ಲ ಇವೆ."

"ನನ್ ಮುಂದೆ ಇನ್ನೊಂದ್ಸತಿ ಎಣಿಸ್ರೀ," ಅಂದರು.

ಕೂಸನ್ನು ಅವರ ತೊಡೆಯ ಮೇಲೆ ಹಾಕಿ, ನಾನು ಮೊದಲಿಂದ ಎಣಿಸಿದೆ.